ರೆಕ್ಕೆ ಬರುವ ಮೊದಲೇ ದೀಪ

ಮೇ ಕೊನೆ, ಜೂನ್ ಮೊದಲ ವಾರ. ಇನ್ನೇನು ಮಳೆ ಬಂತು ಅನ್ನುವಾಗ ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ಕಾಡಿನಲ್ಲಿ ಮರಗಳು ಮಿಣಮಿಣ ಅನ್ನುತ್ತವೆ. ಇಚಲಕರಂಜಿ, ಗಡಹಿಂಗ್ಲಜ ಕಡೆಯವರಿಗೆ ಅದೇನು ದೂರದ ಊರಲ್ಲ. ನೋಡಲು ಹೋದವರ ಕಣ್ಣೆಲ್ಲ ಮರದ ಮೇಲೆ. ನಾನು ಹೇಳಹೊರಟಿರುವುದು ನೆಲದ ಮೇಲಿನ ದೀಪದ ಸಂಗತಿ.

ಮಿಣುಕುಹುಳ, ನಿಮ್ಮ ಮರಾಠಿ ಗೆಳೆಯರ ಕಾಜವಾ, ರೆಕ್ಕೆ ಬಡಿದು ಹಾರುವುದು ಕೆಲವೇ ವಾರ. ಅದಕ್ಕೂ ಮೊದಲು ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಕ್ಕೂ ಹೆಚ್ಚು ಕಾಲ, ಅದು ತರಗೆಲೆಯಡಿ ತೆವಳುವ ಮರಿಹುಳ. ನೋಡಲು ಅಂಥ ಚೆಲುವೇನೂ ಇಲ್ಲ. ಊಟದ ರೀತಿಯಂತೂ ಕೇಳಲೇಬೇಡಿ: ಬಸವನಹುಳುವನ್ನು ಕಚ್ಚಿ, ವಿಷವೂಡಿ, ಮೈ ಕರಗಿಸಿ ಹೀರುತ್ತದೆ! ಆದರೂ ಹೊಟ್ಟೆಯ ತುದಿಯಲ್ಲಿ ಎರಡು ಪುಟ್ಟ ಹಸಿರು ದೀಪ.

ಆ ದೀಪಕ್ಕೆ ಎಣ್ಣೆ ಲೂಸಿಫೆರಿನ್ ಎಂಬ ಅಣು. ಅದರ ಜೊತೆ ಆಮ್ಲಜನಕ ಬೇಕು, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಬೇಕು, ಚೂರು ಮೆಗ್ನೀಸಿಯಂ ಬೇಕು. ಇವನ್ನೆಲ್ಲ ಒಂದೆಡೆ ಹಿಡಿದು ಕೂಡಿಸುವ ಪ್ರೋಟೀನೇ ಲೂಸಿಫರೇಸ್. ಇಚಲಕರಂಜಿಯ ಮಗ್ಗ ನೂಲು ಕೂಡಿಸಿ ಬಟ್ಟೆ ಮಾಡುತ್ತದೆ, ತಾನು ಬಟ್ಟೆಯೊಳಗೆ ಸೇರುವುದಿಲ್ಲ. ಇದೂ ಹಾಗೆಯೇ, ಒಂದು ಅಣು ಮುಗಿಯಿತೆಂದರೆ ಮುಂದಿನದಕ್ಕೆ ಸಿದ್ಧ. ಮೊದಲು ಎಟಿಪಿಯ ಒಂದು ತುಂಡು ಲೂಸಿಫೆರಿನ್‌ಗೆ ಅಂಟುತ್ತದೆ. ಆಮೇಲೆ ಆಮ್ಲಜನಕ ಬಂದು ಕೂಡುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಉಳಿದ ಅಣುವಿನಲ್ಲಿ ಶಕ್ತಿ ಮಿಕ್ಕಿರುತ್ತದೆಯಲ್ಲ, ಅದೇ ಬೆಳಕಾಗಿ ಹೊಮ್ಮುತ್ತದೆ. ಹುಳ ಸುಡುವುದಿಲ್ಲ, ಏಕೆಂದರೆ ಇದು ತಣ್ಣನೆಯ ಬೆಳಕು.

ಎಟಿಪಿಯ ಪಾತ್ರ ಗೊತ್ತಾದ ಕಥೆಯಲ್ಲಿ ಮಕ್ಕಳೂ ಇದ್ದಾರೆ. ಅಮೆರಿಕದ ವಿಲಿಯಂ ಮ್ಯಾಕೆಲ್‌ರಾಯ್ ಬಾಲ್ಟಿಮೋರ್ ಊರಿನ ಮಕ್ಕಳಿಗೆ ಕಾಸು ಕೊಟ್ಟು ಮಿಣುಕುಹುಳ ಹಿಡಿಸುತ್ತಿದ್ದರು. ಹುಳಗಳನ್ನು ಅರೆದು ತೆಗೆದ ರಸ ಮಂಕಾದ ಮೇಲೆ ಅದಕ್ಕೆ ಎಟಿಪಿ ಹಾಕಿದರು, ಮತ್ತೆ ಹೊಳೆಯಿತು! ಅದು 1947ರ ಮಾತು. ಎಲ್ಲ ಜೀವಿಗಳಲ್ಲೂ ಎಟಿಪಿ ಇರುವುದರಿಂದ, ಇದೇ ಬೆಳಕಿನ ಉಪಾಯದಲ್ಲಿ ಇಂದು ಆಹಾರ ಕಾರ್ಖಾನೆಗಳು ಪಾತ್ರೆ ಚೊಕ್ಕಟವಾಗಿದೆಯೇ ಎಂದು ನೋಡುತ್ತವೆ.

ದೊಡ್ಡ ಹುಳ ಜೋಡಿ ಹುಡುಕಲು ಮಿನುಗುತ್ತದೆ. ಮರಿಗೇಕೆ ದೀಪ? ಎಚ್ಚರಿಕೆ ಕೊಡಲು: ‘ನಾನು ಕಹಿ, ಮುಟ್ಟಬೇಡ.’ ಹೊಳೆಯುವ ತುತ್ತು ಕಹಿಯೆಂದು ಒಮ್ಮೆ ಕಲಿತ ಕಪ್ಪೆ, ಮತ್ತೆ ಅಂಥದ್ದಕ್ಕೆ ಬಾಯಿ ಹಾಕಲು ಹಿಂಜರಿಯುತ್ತದೆ.

ರಾಧಾನಗರಿಗೆ ಹೋದರೆ ಟಾರ್ಚು, ಮೊಬೈಲು ಆರಿಸಿಬಿಡಿ. ನಮ್ಮ ಬೆಳಕಿನಲ್ಲಿ ಅವುಗಳ ಸನ್ನೆ ಅವಕ್ಕೇ ಕಾಣದು. ಕಾಲುಹಾದಿ ಬಿಟ್ಟು ತರಗೆಲೆ ತುಳಿಯಬೇಡಿ, ಅವು ಮೊಟ್ಟೆಯಿಡುವುದು ನೆಲದಲ್ಲೇ.