ಬಾಲಿಕಾ ವಿದ್ಯಾಲಯದ ಆಡಳಿತ ಮಂಡಲಿ



ಮಂಡ್ಯ, ಮದ್ದೂರು, ಮಳವಳ್ಳಿಗಳು 1939ರವರೆಗೆ ಮೈಸೂರು ಜಿಲ್ಲೆಗೇ ಸೇರಿದ್ದ ತಾಲ್ಲೂಕುಗಳು. ಆದುದರಿಂದ ಈ ಸೀಮೆಯಲ್ಲಿ ಸ್ತ್ರೀವಿದ್ಯೆಯ ಮಾತೆತ್ತಿದವರು ಮೈಸೂರು ನಗರವನ್ನು ನೆನೆಯದಿರಲಾರರು. ರಾಜ್ಯವು ಒಡೆಯರಿಗೆ ಮರಳಿದ 1881ರಲ್ಲಿಯೇ ಅಂಬಳೆ ನರಸಿಂಹಯ್ಯಂಗಾರರು ಅರಮನೆಯ ಆಶ್ರಯದಿಂದ ಅಲ್ಲಿ ಬಾಲಿಕಾ ಪಾಠಶಾಲೆಯನ್ನು ತೆರೆದರು. ಅದೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಹೆಣ್ಣುಮಕ್ಕಳನ್ನು ಹೊರಗೆ ಕಳುಹಿಸಲು ಹಿಂಜರಿಯುತ್ತಿದ್ದ ಆ ಕಾಲದಲ್ಲಿ, ಶಾಲೆ ನಡೆಯಿಸುವವರ ಮೇಲಣ ನಂಬಿಕೆಯೇ ಶಾಲೆಯ ಮೂಲಧನವಾಗಿದ್ದಿತು.

ಇಂದು ಆ ನಂಬಿಕೆಯನ್ನು ಕಾಯಬೇಕಾದುದು ಆಡಳಿತ ಮಂಡಲಿ. 2009ರ ಶಿಕ್ಷಣ ಹಕ್ಕಿನ ಶಾಸನವು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು ಅಥವಾ ಪೋಷಕರೂ, ಅರ್ಧ ಪಾಲು ಸ್ತ್ರೀಯರೂ ಇರಬೇಕೆಂದು ವಿಧಿಸಿದೆ. ಅನುದಾನ ಪಡೆಯದ ಸ್ವತಂತ್ರ ಶಾಲೆಗೆ ಈ ಕಟ್ಟಳೆಯಿಲ್ಲ. ಓದುವವರೆಲ್ಲ ಹೆಣ್ಣುಮಕ್ಕಳು, ಮಂಡಲಿಯಲ್ಲಿ ಕುಳಿತವರೆಲ್ಲ ಗಂಡಸರು ಎಂದಾದರೂ ಆ ಶಾಸನವು ಕೇಳುವುದಿಲ್ಲ, ಊರವರೇ ಕೇಳಬೇಕು.

ಗಂಡಸರು ಕಟ್ಟಡ, ಲೆಕ್ಕಪತ್ರ, ನೇಮಕಗಳನ್ನು ನಿಷ್ಠೆಯಿಂದಲೇ ನೋಡಿಕೊಂಡಾರು. ಆದರೆ ಶೌಚಗೃಹಕ್ಕೆ ನೀರುಂಟೆ, ಬಾಗಿಲಿಗೆ ಅಗುಳಿಯುಂಟೆ, ಸಂಜೆಯ ಪಾಠ ಮುಗಿದ ಮೇಲೆ ಕಬ್ಬಿನ ಗದ್ದೆಗಳ ನಡುವಣ ದಾರಿಯಲ್ಲಿ ಹುಡುಗಿಯು ಊರು ಸೇರುವುದೆಂತು, ಹದಿನಾರರ ವಿದ್ಯಾರ್ಥಿನಿಯೊಬ್ಬಳು ವಾರದಿಂದ ಬಾರದಿದ್ದರೆ ಅವಳ ಮನೆಯಲ್ಲಿ ಮದುವೆಯ ಮಾತೇನಾದರೂ ನಡೆದಿದೆಯೆ — ಇವನ್ನು ತಾಯಿಯೇ ಮೊದಲು ಕೇಳುವಳು. ಹೆಂಗಸರಿಗೆ ಲೆಕ್ಕ ತಿಳಿಯದೆಂಬ ಆಕ್ಷೇಪವುಂಟು. ಸಾಲದ ಕಂತನ್ನೂ ಸಂಸಾರವನ್ನೂ ಒಟ್ಟಿಗೆ ತೂಗಿಸುವವರ ಮುಂದೆ ಅದನ್ನು ಆಡದಿರುವುದೇ ಲೇಸು! ಒಬ್ಬ ಮಹಿಳೆಯನ್ನು ಹೆಸರಿಗೆ ಸೇರಿಸಿ ಸಹಿ ಹಾಕಿಸಿಕೊಂಡರೆ ಸಾಲದು. ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಬೇಕು. ಹಾಲು ಕರೆಯುವ ಹೊತ್ತು ಕಳೆದ ಬಳಿಕವೇ ಸಭೆ ಕರೆಯಬೇಕು.