ಎಷ್ಟನೇ ಕ್ಲಾಸಿನವರೆಗೆ ಓದಿದ್ದೀರಿ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದಾರೆ. ಶಾಲೆಯ ಅಂಗಳಕ್ಕೆ ಒಪ್ಪುವ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಎಂದರೆ ನಮಗೆಲ್ಲ ಮಾವಿನ ಹಣ್ಣಿನ ನೆನಪು. ಆ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ದೊಡ್ಡ ಅಧ್ಯಯನವೊಂದನ್ನು ಕೈಗೊಂಡಿದ್ದಾರೆ. 45 ವರ್ಷ ತುಂಬಿದ, ಮರೆವಿನ ಕಾಯಿಲೆ ಇಲ್ಲದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಗಮನಿಸುವುದು ಅವರ ಗುರಿ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಮಿದುಳಿನ ಸ್ಕ್ಯಾನ್ ಎಲ್ಲವೂ ಉಂಟು. ಇಂಥ ಅಧ್ಯಯನಗಳಲ್ಲಿ ವಯಸ್ಸು, ಬಿಪಿ, ಶುಗರ್ ಜೊತೆಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ: "ಎಷ್ಟು ವರ್ಷ ಶಾಲೆಗೆ ಹೋಗಿದ್ದೀರಿ?"

ಕಾಯಿಲೆಗೂ ಶಾಲೆಗೂ ಏನು ಸಂಬಂಧ ಎನ್ನಬಹುದು. ಎರಡು ಕಾರಣಗಳಿವೆ.

ಮೊದಲನೆಯದು ನ್ಯಾಯದ ಮಾತು. ಹೊರದೇಶದಿಂದ ಬಂದ ನೆನಪಿನ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಿರಿ ಎಂದು ಕೇಳುತ್ತಾರೆ. ಅಕ್ಷರ ಕಲಿಯದ ಅಜ್ಜಿ ಬರೆಯದಿದ್ದರೆ ಅದು ಮರೆವೇ? ಅಲ್ಲ. ಅದಕ್ಕೆಂದೇ ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ, ಓದುಬರಹ ಬಾರದವರಿಗೂ ಹೊಂದುವ ಪರೀಕ್ಷೆಯನ್ನು ಹಿಂದಿಯಲ್ಲಿ ರೂಪಿಸಿದರು.

ಎರಡನೆಯದು ನಮ್ಮ ಶಾಲೆಗೆ ಸೇರಿದ್ದು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ, ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ತಿದ್ದಿಕೊಳ್ಳಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಕಿವಿ ಮಂದವಾಗುವುದು ಅದರಲ್ಲಿವೆ. ಎಳೆವಯಸ್ಸಿನಲ್ಲಿ ಓದು ಕಡಿಮೆಯಾಗುವುದೂ ಇದೆ. ಓದದವರಿಗೆಲ್ಲ ಮರೆವು ಬರುತ್ತದೆಂದಲ್ಲ, ಓದಿದವರಿಗೆ ಬರುವುದೇ ಇಲ್ಲವೆಂದೂ ಅಲ್ಲ. ಚಿಕ್ಕಂದಿನಲ್ಲಿ ಕಲಿತದ್ದು ಮಿದುಳಿಗೆ ಇಡುಗಂಟಿನಂತೆ. ಮುಪ್ಪಿನಲ್ಲಿ ಸವೆತ ಶುರುವಾದಾಗ ಅದು ಕೈಹಿಡಿಯುತ್ತದೆ.

ಆದ್ದರಿಂದ ಎರಡು ಬಿನ್ನಹ. ನಾಳೆ ನಿಮ್ಮ ಮನೆಗೂ ಇಂಥ ಅಧ್ಯಯನದವರು ಬಂದರೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿ ಕೇಳಿ. ಬೇಡವೆನಿಸಿದರೆ ಬೇಡ ಎನ್ನುವ ಹಕ್ಕು ನಿಮಗಿದೆ. ಒಪ್ಪಿದರೆ ನಿಜವನ್ನೇ ಹೇಳಿ. "ನಾನು ಓದಿಲ್ಲ" ಎನ್ನಲು ನಾಚಿಕೆ ಬೇಡ. ನಿಮ್ಮ ಕಾಲದಲ್ಲಿ ಶಾಲೆ ದೂರವಿತ್ತು, ತಪ್ಪು ನಿಮ್ಮದಲ್ಲ.

ಇನ್ನೊಂದು, ತಂದೆತಾಯಿಗಳಿಗೆ. ಈಗ ಶಾಲೆ ಊರಲ್ಲೇ ಇದೆ. ಮಗಳನ್ನು ಎಂಟನೇ ಕ್ಲಾಸಿಗೆ ಬಿಡಿಸಿದರೆ ಕಳೆಯುವುದು ಎರಡು ವರ್ಷದ ಪಾಠವಷ್ಟೇ ಅಲ್ಲ, ಅವಳ ಎಪ್ಪತ್ತನೇ ವಯಸ್ಸಿನ ನೆನಪಿನ ಬಲವೂ ಕುಂದಬಹುದು. ದಯವಿಟ್ಟು ಬಿಡಿಸಬೇಡಿ.