ಲಾರಿಯ ಹಿಂದಿನ ಗಾಲಿ



ನನ್ನ ಅಣ್ಣ ಲಾರಿ ಓಡಿಸುತ್ತಾನೆ. ಒಂದು ಸಂಜೆ ಲಾರಿ ಮನೆಗೆ ಬಂತು. ಹಿಂದಿನ ಗಾಲಿಯಿಂದ ಗುರ್ ಗುರ್ ಸದ್ದು. ಅತ್ತಿಗೆಗೆ ಅದು ಕೇಳಿಸಿತು. "ಗಾಲಿ ತೋರಿಸಿ, ಆಮೇಲೆ ಹೋಗಿ" ಅಂದರು. "ಬಾಡಿಗೆ ತಪ್ಪಿ ಹೋಗುತ್ತೆ" ಅಂದ ಅಣ್ಣ. ಅತ್ತಿಗೆ ಬಿಡಲಿಲ್ಲ.

ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರು. ಬೇರಿಂಗ್ ಸವೆದಿತ್ತು.

ಬೇರಿಂಗ್ ಅಂದರೆ ಏನು? ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತೇವಲ್ಲ? ಗಾಲಿ ಸಲೀಸಾಗಿ ತಿರುಗಲಿ ಅಂತ. ಲಾರಿ ಗಾಲಿಯ ಒಳಗೆ ಉಕ್ಕಿನ ಬಳೆಗಳು ಇರುತ್ತವೆ. ಬಳೆಗಳ ನಡುವೆ ಚಿಕ್ಕ ಚಿಕ್ಕ ಉರುಳೆಗಳು. ಅದೇ ಬೇರಿಂಗ್. ಅದಕ್ಕೆ ಗ್ರೀಸು ಬೇಕು. ಗ್ರೀಸು ಒಣಗಿದರೆ, ನೀರು ಮಣ್ಣು ಸೇರಿದರೆ ಬೇರಿಂಗ್ ಸವೆಯುತ್ತದೆ. ಗಾಲಿ ಬಿಸಿಯಾಗುತ್ತದೆ. ಅಲುಗಾಡುತ್ತದೆ. ಹಾಗೇ ಓಡಿಸಿದರೆ ಗಾಲಿಯೇ ಕಳಚಬಹುದು.

ಮೇಸ್ತ್ರಿ ಮುಂದಿನ ಗಾಲಿಗೆ ಕಲ್ಲು ಕೊಟ್ಟಿದ್ದ. ಜಾಕಿ ಹಾಕಿ ಲಾರಿ ಎತ್ತಿದ್ದ. ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟಿದ್ದ. ಈಗ ಹಳೇ ಬೇರಿಂಗ್ ತೆಗೆದ. ಒಳಬಳೆ, ಹೊರಬಳೆ ಎರಡೂ ಹೊಸದೇ ಹಾಕಿದ. ಒಂದು ಹಳೇದು ಉಳಿಸಬಾರದು. ಗ್ರೀಸು ತುಂಬಿದ. ಆಯಿಲ್ ಸೀಲನ್ನೂ ಬದಲಿಸಿದ. ನಟ್ಟನ್ನು ಹದವಾಗಿ ಬಿಗಿದ. ಬಹಳ ಬಿಗಿದರೆ ಬೇರಿಂಗ್ ಸುಡುತ್ತದೆ. ಸಡಿಲವಾದರೆ ಗಾಲಿ ಅಲುಗಾಡುತ್ತದೆ. ಕೊನೆಗೆ ಕೈಯಿಂದ ಗಾಲಿ ತಿರುಗಿಸಿದ. ಸದ್ದಿಲ್ಲ.

ಅತ್ತಿಗೆ ಬಿಲ್ಲು ಓದಿದರು. ಬೇರಿಂಗ್ 2, ಸೀಲು 1, ಗ್ರೀಸು, ಕೂಲಿ. ಲೆಕ್ಕ ಸರಿಯಿತ್ತು. ಅವರೂ ನಿಮ್ಮ ಹಾಗೆ ದೊಡ್ಡವರಾದ ಮೇಲೆ ಓದು ಕಲಿತವರು.

ಬಾಡಿಗೆ ನಾಳೆಯೂ ಸಿಗುತ್ತದೆ. ಹೋದ ಜೀವ ಸಿಗುವುದಿಲ್ಲ. ನಿಮ್ಮ ಮನೆಯ ಗಾಡಿ ಸದ್ದು ಮಾಡಿದರೆ ಸುಮ್ಮನಿರಬೇಡಿ. ಕೇಳಿ. ತೋರಿಸಿ. ಬಿಲ್ಲು ಓದಿ ದುಡ್ಡು ಕೊಡಿ.